ತೂತಿಲ್ಲದ ಮೀನುಗುಡಿಸಲು

ಹೆಂಡತಿ ಒಂದು ಮಾತು ಹೇಳಿದರೆ ಅದರ ಅರ್ಥವೇನು ಎಂದು ಅವಳನ್ನೇ ಕೇಳುವ ಪದ್ಧತಿ ಕೆಟಲ್ ಬೇ ಊರಿನ ಗಂಡಸರಲ್ಲಿ ಇಲ್ಲ. ಹೇಳಿದ್ದನ್ನು ಕೇಳಿಸಿಕೊಂಡು, ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು, ಹೊರಗೆ ಹೋಗಿ ಯಾವುದಾದರೊಂದು ಬೋಲ್ಟು ಬಿಗಿ ಮಾಡುವುದು ಅಲ್ಲಿಯ ರೂಢಿ. ಊರಿನ ನೀರಿನ ಮೀಟರುಗಳನ್ನು ಓದಿಕೊಂಡು ಬರುವ ಓರಿನ್ ಟಾಲೆಫ್ಸನ್ ಈ ರೂಢಿಯನ್ನು ಎಂದೂ ಮೀರಿದವನಲ್ಲ.

ಹೋದ ಬೇಸಿಗೆಯಲ್ಲಿ ಅವನೂ ಅವನ ಹೆಂಡತಿ ಮಾರ್ಡೆಲ್‌ಳೂ ತಮ್ಮ ದೊಡ್ಡ ಟೂರಿಂಗ್ ಬೈಕನ್ನೇರಿ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ನೋಡಲು ಹೊರಟಿದ್ದರು. ಎರಡನೆಯ ದಿನ ಸೌತ್ ಡಕೋಟಾದ ಒಂದು ಪೆಟ್ರೋಲ್ ಬಂಕಿನಲ್ಲಿ ಮಾರ್ಡೆಲ್ ಹಿಂದಿನ ಸೀಟಿನಿಂದ ಇಳಿದು, ಹೆಲ್ಮೆಟ್ ತೆಗೆದು ಅವನ ಕೈಗಿಟ್ಟು, "ಇನ್ಮೇಲೆ ಈ ಸೀಟಿನ ಮೇಲೆ ನಾನು ಕೂರಲ್ಲ, ಓರಿನ್" ಎಂದಳು. ಧ್ವನಿಯಲ್ಲಿ ಕೋಪವೇನೂ ಇರಲಿಲ್ಲ. ಅವನಿಗೊಂದು ಸ್ಯಾಂಡ್‌ವಿಚ್ ಕೊಡಿಸಿದಳು, ಜೋಪಾನ ಎಂದಳು, ಬಸ್ಸು ಹತ್ತಿ ಊರಿಗೆ ಹೋದಳು. ಬ್ಲ್ಯಾಕ್ ಹಿಲ್ಸ್ ಎಲ್ಲಿತ್ತೋ ಅಲ್ಲೇ ಉಳಿಯಿತು.

ಓರಿನ್ ಆ ಬಂಕಿನಲ್ಲೇ ನಿಂತು ಹಿಂದಿನ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗಟ್ಟಿಯಾಗಿತ್ತು. ಇನ್ನೊಮ್ಮೆ ಒತ್ತಿದ. ಆಗಲೂ ಗಟ್ಟಿಯಾಗಿತ್ತು. ಕಾರಣ ಸಿಕ್ಕಿತು ಎಂದು ಅವನಿಗೆ ಖಾತ್ರಿಯಾಯಿತು.

ಬರುವ ಜೂನ್‌ಗೆ ಅವರ ಮದುವೆಯಾಗಿ ಮೂವತ್ತು ವರ್ಷ. ಲೇಕ್ ಸುಪೀರಿಯರ್ ಎಂಬ ಕಡಲಿನಂಥ ಸರೋವರದ ಸುತ್ತ ಒಂದು ಪೂರ್ತಿ ಸುತ್ತು ಬೈಕಿನಲ್ಲಿ ಹೋಗಿ ಬರಬೇಕೆಂದು ಮದುವೆಯಾದ ಹೊಸತರಲ್ಲೇ ಮಾತಾಗಿತ್ತು. ಒಬ್ಬನೇ ಹೋಗಬಹುದಿತ್ತು, ಬೇಡ ಎನ್ನುವವರು ಯಾರೂ ಇರಲಿಲ್ಲ. ಆದರೆ ಸೌತ್ ಡಕೋಟಾದಿಂದ ಒಬ್ಬನೇ ವಾಪಸು ಬರುವಾಗ, ಹಿಂದೆ ಅವಳ ಭಾರವಿಲ್ಲದ ಬೈಕು ಪ್ರತಿ ತಿರುವಿನಲ್ಲೂ ಹಗುರವಾಗಿ ಎದ್ದುಬಿಡುತ್ತಿತ್ತು. ದಾರಿಯುದ್ದಕ್ಕೂ ಏನನ್ನೋ ಮರೆತು ಬಂದೆನೇನೋ ಎಂದು ಅವನ ಜೀವ ಕಸಿವಿಸಿಗೊಂಡಿತ್ತು. ಮಾರ್ಡೆಲ್ ಹಿಂದೆ ಕೂರದಿದ್ದರೆ ಆ ಬೈಕಿನಿಂದ ತನಗೆ ಏನೂ ಆಗಬೇಕಾದ್ದಿಲ್ಲ ಎಂದು ಅವನಿಗೆ ಅವತ್ತೇ ಗೊತ್ತಾಯಿತು. ಇದನ್ನು ಅವಳಿಗೆ ಹೇಳಬಹುದಿತ್ತು. ಹೇಳುವ ಬದಲು ಅಗಲವಾದ ಮೆತ್ತನೆಯ ಸೀಟು, ಬೆನ್ನಿಗೆ ಒರಗು, ಎರಡು ಕೈಯೊರಗು, ಕಾಲಿಡಲು ಪುಟ್ಟ ಮಣೆಗಳು, ಗಾಳಿ ತಡೆಯಲು ಎತ್ತರದ ಗಾಜು, ಇವನ್ನೆಲ್ಲ ತರಿಸಿದ. ಸೀಟನ್ನು ಒಳಗಿನಿಂದ ಬಿಸಿಮಾಡುವ ತಂತಿಗಳು ಬೇರೆ. ಎಲ್ಲವನ್ನೂ ಚಳಿಗಾಲದಲ್ಲಿ ಗುಟ್ಟಾಗಿ ಕೂರಿಸಿ, ಜೂನ್‌ನಲ್ಲಿ ಅವಳ ಮುಂದೆ ತಂದು ನಿಲ್ಲಿಸುವುದು ಅವನ ಯೋಜನೆ.

ಎಲ್ಲಿ ಕೂರಿಸುವುದು ಎನ್ನುವುದೇ ಕಷ್ಟವಾಯಿತು. ಮನೆಯ ಗ್ಯಾರೇಜಿನಲ್ಲಿ ಮಾರ್ಡೆಲ್‌ಳ ಕಾರಿರುತ್ತದೆ. ಮಿನ್ನೆಸೋಟಾದ ಆ ಮೂಲೆಯಲ್ಲಿ ಜನವರಿಯಲ್ಲಿ ಕಾರನ್ನು ಹೊರಗಿಡುವ ಗಂಡ ಮರುದಿನ ಅದರ ಪಕ್ಕದಲ್ಲೇ ಮಲಗಬೇಕಾಗುತ್ತದೆ. ಆದ್ದರಿಂದ ಓರಿನ್ ಒಂದು ಸುಳ್ಳು ಹೇಳಿದ: ಚಳಿಗಾಲ ಮುಗಿಯುವ ತನಕ ಬೈಕು ಅಂಗಡಿಯವರ ಗೋದಾಮಿನಲ್ಲಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಹೇಳಿದ: ಈ ಸಲ ನಾನೂ ಮೀನು ಹಿಡಿಯಲು ಹೋಗುತ್ತೇನೆ.

ಡಿಸೆಂಬರ್ ಕಳೆಯುವಷ್ಟರಲ್ಲಿ ಬಿಗ್ ಕೆಟಲ್ ಸರೋವರದ ಮೇಲೆ ಟ್ರಕ್ಕು ಓಡಿಸುವಷ್ಟು ಗಟ್ಟಿಯಾಗಿ ಮಂಜುಗಡ್ಡೆ ಕಟ್ಟುತ್ತದೆ. ಊರಿನ ಗಂಡಸರೆಲ್ಲ ತಮ್ಮ ತಮ್ಮ ಮೀನುಗುಡಿಸಲುಗಳನ್ನು ಎಳೆದುಕೊಂಡು ಹೋಗಿ ಅದರ ಮೇಲಿಟ್ಟು, ಒಳಗೆ ಒಲೆ ಹಚ್ಚಿ, ಕಾಲಬುಡದ ಮಂಜುಗಡ್ಡೆಯಲ್ಲಿ ತೂತು ಕೊರೆದು, ಗಾಳ ಇಳಿಬಿಟ್ಟು, ಮಾರ್ಚ್ ತನಕ ಹೆಂಡತಿಯರ ಕಣ್ಣಿಗೆ ಬೀಳದೆ ಸುಖವಾಗಿರುತ್ತಾರೆ. ತೀರಿಹೋದ ಮಾವ ಬಿಟ್ಟುಹೋಗಿದ್ದ ಪ್ಲೈವುಡ್ಡಿನ ದೊಡ್ಡ ಗುಡಿಸಲೊಂದು ಓರಿನ್‌ನ ಹಿತ್ತಿಲಲ್ಲಿ ವರ್ಷಗಳಿಂದ ಬಿದ್ದಿತ್ತು. ಅದರ ಹಿಂಬಾಗಿಲು ಕೆಳಗೆ ಮಡಚಿ ಬಿದ್ದರೆ ಇಳಿಜಾರು ಹಲಗೆಯಾಗುತ್ತಿತ್ತು. ಮಾರ್ಡೆಲ್ ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋದ ಒಂದು ಬೆಳಿಗ್ಗೆ ಓರಿನ್ ಬೈಕನ್ನು ಹಿಮ್ಮುಖವಾಗಿ ಅದರೊಳಗೆ ತಳ್ಳಿದ, ಬಾಗಿಲು ಮುಚ್ಚಿದ, ಕಿಟಕಿಗೆ ಒಳಗಿನಿಂದ ರಟ್ಟು ಬಡಿದ, ಟ್ರಕ್ಕಿಗೆ ಕಟ್ಟಿ ಸರೋವರಕ್ಕೆ ಎಳೆದುಕೊಂಡು ಹೋದ.

ಯಾರೂ ಹತ್ತಿರ ಸುಳಿಯಬಾರದೆಂದು, ಅಜ್ಜಂದಿರ ಕಾಲದಿಂದ ಒಂದು ಮೀನೂ ಸಿಗದ ಜಾಗವನ್ನೇ ಹುಡುಕಿದ. ಊರಿನ ಹಳೆಯ ಪಂಪ್‌ಹೌಸಿನ ಎದುರಿನ ಆ ಮೂಲೆಯಲ್ಲಿ ನೀರಿನ ಕೆಳಗೆ ಬರೀ ಕೆಸರು. ಅಲ್ಲಿ ಗುಡಿಸಲು ನಿಲ್ಲಿಸಿ, ಒಲೆ ಹಚ್ಚಿ, ಕೋಟು ಕಳಚಿ, ಹಳೆಯ ಸೀಟಿನ ಬೋಲ್ಟುಗಳನ್ನು ಬಿಚ್ಚತೊಡಗಿದ. ತೂತು ಕೊರೆಯಲಿಲ್ಲ. ತಾನು ನಿಂತ ನೆಲಕ್ಕೆ ತಾನೇ ತೂತು ಕೊರೆಯುವಷ್ಟು ದಡ್ಡ ಅವನಲ್ಲ.

ಮರುದಿನವೇ ಪಕ್ಕದ ಮನೆಯ ವರ್ಲಿನ್ ಕ್ಯಾಸ್ಪರ್ಸ್ ತನ್ನ ಟ್ರಕ್ಕನ್ನು ಗುಡಿಸಲಿನ ಮುಂದೆ ನಿಲ್ಲಿಸಿದ. ಓರಿನ್ ಬಾಗಿಲನ್ನು ಮುಖ ತೂರುವಷ್ಟೇ ತೆರೆದು ಇಣುಕಿದ.

"ಏನು, ಕಚ್ತಾ ಇದ್ಯಾ?" ಎಂದ ವರ್ಲಿನ್.

"ಇಲ್ಲ, ಒಂದೂ ಇಲ್ಲ."

"ಒಂದೂ ಇಲ್ವಾ?"

"ಒಂದೇ ಒಂದೂ ಇಲ್ಲ ಮಾರಾಯ. ಇಲ್ಲಿ ಮೀನೇ ಇಲ್ಲ."

ವರ್ಲಿನ್ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ತಲೆಯಾಡಿಸಿ ಹೊರಟುಹೋದ.

ಓರಿನ್ ಹೇಳಿದ್ದು ಅಪ್ಪಟ ಸತ್ಯ. ತಪ್ಪಾದದ್ದು ಅಲ್ಲಿಯೇ. ಕೆಟಲ್ ಬೇ ಊರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ತಣ್ಣಗೆ ಕೂತು ಏನೂ ಸಿಗದವನು "ಒಂದೆರಡು ಸಿಕ್ಕವು" ಎನ್ನುತ್ತಾನೆ. ನಿಜವಾಗಿ ಒಂದೆರಡು ಸಿಕ್ಕವನು "ಪರವಾಗಿಲ್ಲ" ಎನ್ನುತ್ತಾನೆ. ಬಕೆಟ್ಟು ತುಂಬಿದವನು ಮುಖ ಸಪ್ಪೆ ಮಾಡಿಕೊಂಡು ಗಾಳಿಯ ದಿಕ್ಕಿನ ಮಾತು ತೆಗೆಯುತ್ತಾನೆ. ಒಂದೂ ಇಲ್ಲ, ಮೀನೇ ಇಲ್ಲ ಎಂದು ಬಾಯಿಬಿಟ್ಟು ಹೇಳಿದವನನ್ನು ವರ್ಲಿನ್ ತನ್ನ ಆಯುಸ್ಸಿನಲ್ಲೇ ಕಂಡಿರಲಿಲ್ಲ. ಕಿಟಕಿಗೆ ರಟ್ಟು ಬೇರೆ ಬಡಿದಿದ್ದಾನೆ. ಯಾರೂ ಹೋಗದ ಮೂಲೆಗೆ ಹೋಗಿದ್ದಾನೆ. ಇಷ್ಟು ದೊಡ್ಡ ಸುಳ್ಳು ಹೇಳಬೇಕಾದರೆ ಕೆಳಗೆ ಎಷ್ಟು ಮೀನಿರಬೇಕು ಎಂದು ವರ್ಲಿನ್ ಮನೆ ಮುಟ್ಟುವ ತನಕ ಲೆಕ್ಕ ಹಾಕಿದ. ಮರುದಿನ ಅವನ ಗುಡಿಸಲು ಓರಿನ್‌ನ ಪಕ್ಕಕ್ಕೆ ಬಂತು.

ಇತ್ತ ಮನೆಯಲ್ಲಿ ಮಾರ್ಡೆಲ್ ಮೀನೆಲ್ಲಿ ಎಂದು ಕೇಳಲಿಲ್ಲ. ಕೇಳದಿದ್ದುದಕ್ಕೇ ಓರಿನ್‌ಗೆ ಭಯವಾಯಿತು. ಪಕ್ಕದ ಜಿಲ್ಲೆಗೆ ಹೋಗಿ, ತನ್ನನ್ನು ಗುರುತಿಸುವವರಿಲ್ಲದ ಒಂದು ದಿನಸಿ ಅಂಗಡಿಯ ಮೀನಿನ ಕೌಂಟರಿನ ಮುಂದೆ ನಿಂತ.

"ಮುಳ್ಳು ತೆಗೆದಿದ್ದಾ, ಇಡೀ ಮೀನಾ?" ಎಂದಳು ಅಲ್ಲಿದ್ದ ಹೆಂಗಸು.

"ಯಾವುದು ಹೆಚ್ಚು ನಿಜ ಅನ್ಸುತ್ತೆ?"

ಅವಳು ಕತ್ತಿ ಕೆಳಗಿಟ್ಟಳು. "ಹೆಂಡ್ತಿಗಾ?"

"ಹೌದು."

"ಹಂಗಾದ್ರೆ ಮುಳ್ಳು ತೆಗೆದಿದ್ದು ತಗೊಳ್ಳಿ. ಯಾವೂರಾಯ್ತು?"

"ಕೆಟಲ್ ಬೇ."

"ಓ, ಅಲ್ಲಿಂದ ಇನ್ನೊಬ್ರು ಬರ್ತಾರೆ. ಅವರಿಗೆ ಇಡೀ ಮೀನೇ ಆಗಬೇಕು. ಫೋಟೋ ತೆಗೆಸ್ಕೊಳ್ಳೋಕಂತೆ."

ಓರಿನ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವಾಲ್‌ಐ ಮೀನಿನ ತುಂಡುಗಳನ್ನು ಒಂದು ಹಳೆಯ ಬಕೆಟ್ಟಿನಲ್ಲಿ ಹಾಕಿಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಅವುಗಳ ಮೇಲೆ ಒಂದಿಷ್ಟು ಹಿಮ ಉದುರಿಸಿದ. ಮಾರ್ಡೆಲ್ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು, ಗಂಡನ ಮುಖ ನೋಡಿದಳು, ಮತ್ತೆ ಬಕೆಟ್ಟು ನೋಡಿದಳು. "ಭಾಳ ಚೆನ್ನಾಗಿ ಹಿಡಿದಿದ್ದೀಯ, ಓರಿನ್" ಎಂದಳು. ಅಂದು ರಾತ್ರಿಯ ಊಟಕ್ಕೆ ಹುರಿದು ಬಡಿಸಿದಳು. ಅವನು ಬೆವರುತ್ತಾ ತಿಂದ. ಅಂದಿನಿಂದ ಆ ಅಂಗಡಿಗೆ ಹೋಗಿ ಬರುವುದೂ ಅವನ ದಿನದ ಕೆಲಸಗಳಲ್ಲೊಂದಾಯಿತು.

ಆ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಮಾರ್ಡೆಲ್ ತನ್ನ ಗಂಡನ ಕೈಚಳಕವನ್ನು ನಾಲ್ಕು ಜನರ ಮುಂದೆ ಹೊಗಳಿದಳು. ಅದರ ಮುಂದಿನ ಭಾನುವಾರ ಎಂಟು ಜನರ ಮುಂದೆ. ಮೂವತ್ತು ವರ್ಷಗಳಲ್ಲಿ ಅವಳು ಗಂಡನನ್ನು ಹೊಗಳಿದ್ದನ್ನು ಕೇಳಿದವರಿಲ್ಲ. ಕೆಟಲ್ ಬೇ ಊರಿನಲ್ಲಿ ಹೆಂಡತಿ ಗಂಡನನ್ನು ಬಾಯಿಬಿಟ್ಟು ಹೊಗಳುವುದು ಶವಸಂಸ್ಕಾರದಲ್ಲಿ ಮಾತ್ರ. ಬದುಕಿರುವವನಿಗೇ ಇಷ್ಟು ಸಿಕ್ಕಿತೆಂದರೆ ಮೀನು ಯಾವ ಪ್ರಮಾಣದಲ್ಲಿ ಬರುತ್ತಿರಬೇಕು ಎಂದು ಊರು ಯೋಚಿಸಿತು. ಪಂಪ್‌ಹೌಸ್ ಮೂಲೆಗೆ ಗುಡಿಸಲುಗಳು ಒಂದರ ಹಿಂದೊಂದು ಬರತೊಡಗಿದವು.

ಎಲ್ಲರಿಗಿಂತ ಹೆಚ್ಚು ಹೊಟ್ಟೆಯುರಿದದ್ದು ಮಾರ್ಡೆಲ್‌ಳ ಅಣ್ಣ ಗೇಲನ್‌ಗೆ. ಸರೋವರದಲ್ಲಿ ಯಾವ ಮೀನು ಯಾವ ಹೊತ್ತಿಗೆ ಏನು ಯೋಚಿಸುತ್ತದೆ ಎಂದು ಬಲ್ಲವನು ತಾನೊಬ್ಬನೇ ಎನ್ನುವುದು ಅವನ ನಂಬಿಕೆ. ಗಾಳದಂಗಡಿಯ ಗೋಡೆಯ ಮೇಲೆ, ತೋಳುದ್ದದ ಮೀನು ಹಿಡಿದುಕೊಂಡು ನಿಂತ ಅವನ ಫೋಟೋಗಳು ಸಾಲಾಗಿ ತೂಗುತ್ತವೆ. ಅವನು ತನ್ನ ಗುಡಿಸಲನ್ನು ತಂಗಿಯ ಗಂಡನ ಗುಡಿಸಲಿನಿಂದ ಮಾರುದೂರದಲ್ಲಿ ತಂದು ನಿಲ್ಲಿಸಿ, ತೂತು ಕೊರೆದು, ಮೂರು ದಿನ ಕೂತ. ಒಂದು ಮೀನೂ ಬರಲಿಲ್ಲ. ವರ್ಲಿನ್‌ಗೂ ಬರಲಿಲ್ಲ. ಸುತ್ತಲಿನ ಯಾರಿಗೂ ಬರಲಿಲ್ಲ. ಇದರಿಂದ ಊರಿಗೆ ಬುದ್ಧಿ ಬರಬೇಕಿತ್ತು. ಬಂದದ್ದು ಇನ್ನೊಂದು ತೀರ್ಮಾನ.

"ಎಲ್ಲಾ ಅವನ ಅಡಿಯಲ್ಲೇ ಇವೆ" ಎಂದ ವರ್ಲಿನ್. "ಈಚೆ ಒಂದನ್ನೂ ಬಿಡ್ತಾ ಇಲ್ಲ."

ಎಲ್ಲರೂ ಸಂಜೆ ಹೊತ್ತಿಗೆ ತಮ್ಮ ಗುಡಿಸಲುಗಳನ್ನು ಮೆಲ್ಲಗೆ ಇನ್ನಷ್ಟು ಹತ್ತಿರಕ್ಕೆ ಸರಿಸಿದರು. ಯಾರೂ ಸರಿಸಿದ್ದನ್ನು ಒಪ್ಪಿಕೊಳ್ಳಲಿಲ್ಲ.

ಗೇಲನ್ ಕಡೆಗೆ ಮರ್ಯಾದೆ ಬಿಟ್ಟು ಬಾಗಿಲು ತಟ್ಟಿದ. "ಭಾವ, ಒಳಗೆ ಬರ್ಲಾ?"

"ಬೇಡ ಭಾವ, ಒಳಗೆ ಜಾಗ ಇಲ್ಲ" ಎಂದ ಓರಿನ್ ಬಾಗಿಲ ಸಂದಿಯಿಂದ. ಅದೂ ನಿಜವೇ. ಅಗಲದ ಸೀಟು, ಕೈಯೊರಗು ಎಲ್ಲ ಕೂತ ಮೇಲೆ ಬೈಕಿನ ಸುತ್ತ ಒಬ್ಬ ಮನುಷ್ಯ ಅಡ್ಡವಾಗಿ ನಡೆಯುವಷ್ಟೇ ಜಾಗ ಉಳಿದಿತ್ತು.

"ಏನ್ ಹಾಕಿ ಹಿಡೀತೀಯ, ಅದನ್ನಾದ್ರೂ ಹೇಳು. ನಾವೇನು ಹೊರಗಿನವರಾ?"

"ಏನೂ ಹಾಕಿಲ್ಲ ಭಾವ. ದೇವರಾಣೆ. ಗಾಳಾನೇ ಇಲ್ಲ ನನ್ನ ಹತ್ರ."

ಗೇಲನ್ ಮುಖ ಬಿಗಿದುಕೊಂಡು ಹೋದ. ಅವನ ಬಳಿ ನೀರೊಳಗೆ ಇಳಿಬಿಡುವ ಕ್ಯಾಮೆರಾ ಇತ್ತು. ಅದನ್ನು ತನ್ನ ತೂತಿನೊಳಗೆ ಇಳಿಸಿ ಓರಿನ್‌ನ ಗುಡಿಸಲಿನ ಕಡೆಗೆ ತಿರುಗಿಸಿದ. ಬೇರೆಯವರ ಗುಡಿಸಲುಗಳ ಕೆಳಗೆಲ್ಲ ತೂತಿನ ಬೆಳಕು ಬಿದ್ದಿತ್ತು, ದಾರಗಳು ತೂಗುತ್ತಿದ್ದವು. ಓರಿನ್‌ನ ಗುಡಿಸಲಿನ ಕೆಳಗೆ ಬರೀ ಕತ್ತಲೆ. ತೂತಿಲ್ಲ, ದಾರವಿಲ್ಲ, ಗಾಳವಿಲ್ಲ. ಗಾಳವಿಲ್ಲದೆ ದಿನಾ ಬಕೆಟ್ಟು ತುಂಬಿಸುತ್ತಿದ್ದಾನೆ.

ಅದೇ ವಾರ ಓರಿನ್ ಸೀಟಿನ ಬಿಸಿ ತಂತಿಗಳ ಕೆಲಸಕ್ಕೆ ಕೈಹಾಕಿದ. ಎರಡು ಬ್ಯಾಟರಿ, ಒಂದು ಸುರುಳಿ ತಂತಿ ಹೊತ್ತುಕೊಂಡು ಗುಡಿಸಲಿಗೆ ಹೋದದ್ದನ್ನು ಹನ್ನೆರಡು ಕಿಟಕಿಗಳು ನೋಡಿದವು. ಮೀಟರಿನ ಅಂಕಿ ಓದುವುದರಲ್ಲಿ ಓರಿನ್ ಎಂದೂ ತಪ್ಪಿದವನಲ್ಲ, ಆದರೆ ಐದು ಬಣ್ಣದ ತಂತಿಗಳು ಒಟ್ಟಿಗೆ ಎದುರು ಬಂದರೆ ಅವನ ತಲೆ ನಿಲ್ಲುತ್ತಿತ್ತು. ಮೊದಲ ಸಲ ಗುಂಡಿ ತಿರುಗಿಸಿದಾಗ ಸೀಟು ಬಿಸಿಯಾಗುವ ಬದಲು ಹಾರ್ನು ಹೊಡೆದುಕೊಂಡಿತು. ಅದು ದೂರಪ್ರಯಾಣದ ಹಾರ್ನು, ಹೆದ್ದಾರಿಯ ಲಾರಿಗಳಿಗೆ ಕೇಳಿಸಬೇಕಾದದ್ದು. ಸದ್ದು ಮಂಜುಗಡ್ಡೆಯ ಮೇಲೆ ಆಚೆ ದಡದವರೆಗೂ ಹೋಗಿ ವಾಪಸು ಬಂತು. ತಂತಿ ಅದಲುಬದಲು ಮಾಡಿ ಹಾರ್ನು ಒತ್ತಿದರೆ ಸದ್ದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಸೀಟಿನಿಂದ ಸಣ್ಣಗೆ ಹೊಗೆ ಬಂತು. ಓರಿನ್ ಕಿಟಕಿಯ ರಟ್ಟು ಸರಿಸಿ ಹೊಗೆಯನ್ನು ಹೊರಗೆ ಬಿಟ್ಟ.

"ಕರೆಂಟು" ಎಂದ ಗೇಲನ್, ಆ ಹೊಗೆಯನ್ನು ನೋಡುತ್ತಾ. "ಮೊದಲು ಸದ್ದು ಮಾಡಿ ಮೀನೆಲ್ಲ ಒಂದು ಕಡೆ ಸೇರಿಸ್ತಾನೆ. ಆಮೇಲೆ ನೀರಿಗೆ ಕರೆಂಟು ಬಿಡ್ತಾನೆ."

"ಅದು ಅಪರಾಧ ಅಲ್ವಾ?" ಎಂದ ವರ್ಲಿನ್.

"ಅಪರಾಧಾನೇ. ನನ್ನ ಸ್ವಂತ ತಂಗಿ ಗಂಡ." ಗೇಲನ್ ನಿಟ್ಟುಸಿರು ಬಿಟ್ಟು ಫೋನು ತೆಗೆದ. ದುಃಖದಲ್ಲಿದ್ದ ಅವನ ಬೆರಳುಗಳು ಬೇಟೆ ಮತ್ತು ಮೀನು ಇಲಾಖೆಯ ನಂಬರನ್ನು ಒಂದು ಸಲವೂ ತಪ್ಪದೆ ಒತ್ತಿದವು.

ಗುಡಿಸಲುಗಳನ್ನು ಸರೋವರದಿಂದ ತೆಗೆಯಬೇಕಾದ ಗಡುವಿಗೆ ಮೊದಲಿನ ಕೊನೆಯ ಶನಿವಾರ ಅದು. ಓರಿನ್‌ಗೆ ಅಂದು ಬೆಳಿಗ್ಗೆಯಿಂದಲೇ ಸಂತೋಷ. ಎಲ್ಲವೂ ಕೂತಿತ್ತು. ಕೊನೆಯ ಒಂದು ವಸ್ತು ಮಾತ್ರ ಬಾಕಿಯಿತ್ತು: ಎರಡು ಹೆಲ್ಮೆಟ್‌ಗಳ ಒಳಗೆ ಕಿವಿಯ ಹತ್ತಿರ ಕೂರಿಸುವ ಪುಟ್ಟ ಸ್ಪೀಕರುಗಳು. ಮುಂದಿನವನು ಮಾತಾಡಿದ್ದು ಹಿಂದಿನವಳಿಗೆ ಕೇಳುತ್ತದೆ. ಬಿಸಿ ಸೀಟಿಗಿಂತ ಅವನಿಗೆ ಇದರ ಮೇಲೆಯೇ ಹೆಚ್ಚು ಮಮತೆ. ಹಿಂಬಾಗಿಲ ಕಡೆಗೆ ಮುಖ ಮಾಡಿದ್ದ ಬೈಕಿನ ಪಕ್ಕದಲ್ಲಿ, ಹೆಲ್ಮೆಟ್‌ಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಷ್ಟರಲ್ಲಿ ಕಾಲಿನ ಬಳಿ ತಣ್ಣಗಾಯಿತು. ನೋಡಿದರೆ ನೀರು.

ಕೆಟಲ್ ಬೇ ಊರಿನ ಅರ್ಧ ಗುಡಿಸಲುಗಳೂ ಅವುಗಳ ಟ್ರಕ್ಕುಗಳೂ ಒಂದೇ ಮೂಲೆಯಲ್ಲಿ ಸೇರಿದ್ದರಿಂದ ಅಲ್ಲಿಯ ಮಂಜುಗಡ್ಡೆ ಭಾರಕ್ಕೆ ತಗ್ಗಿತ್ತು. ತೂತುಗಳಿಂದ ನೀರು ಮೇಲೆ ಉಕ್ಕಿ ಹರಡುತ್ತಿತ್ತು. ಹೊರಗೆ ಎಲ್ಲರ ಬೂಟುಗಳೂ ನೀರಿನಲ್ಲಿದ್ದವು, ಆದರೆ ಯಾರೂ ಜಾಗ ಬಿಟ್ಟು ಕದಲಿರಲಿಲ್ಲ. ಮೊದಲು ಹೋದವನ ಜಾಗಕ್ಕೆ ಪಕ್ಕದವನು ಬಂದುಬಿಟ್ಟರೆ ಎಂಬ ಹೆದರಿಕೆ.

ಬಾಗಿಲು ತಟ್ಟಿದ ಸದ್ದಾಯಿತು. "ಬೇಟೆ ಮತ್ತು ಮೀನು ಇಲಾಖೆ. ಬಾಗಿಲು ತೆಗೀರಿ."

ಅಧಿಕಾರಿ ರೆನೇ ವೊಲೆಟ್ ಸಣ್ಣ ವಯಸ್ಸಿನ ಹೆಂಗಸು. ನಗುವುದನ್ನು ಕೆಲಸದ ವೇಳೆಯಲ್ಲಿ ಇಟ್ಟುಕೊಂಡವಳಲ್ಲ. ಅವಳ ಬೆನ್ನ ಹಿಂದೆ ಗೇಲನ್, ಗೇಲನ್‌ನ ಹಿಂದೆ ವರ್ಲಿನ್, ಅವರ ಹಿಂದೆ ಊರು. ಊರನ್ನು ಸೀಳಿಕೊಂಡು, ಅಣ್ಣನ ಫೋನು ಬಂದ ಕೂಡಲೇ ಅಡುಗೆಯ ಏಪ್ರನ್ನಿನ ಮೇಲೇ ಕೋಟು ಹಾಕಿಕೊಂಡು ಹೊರಟ ಮಾರ್ಡೆಲ್ ಬರುತ್ತಿದ್ದಳು. ಒಂದು ಕೈಯಲ್ಲಿ ನಿಂಬೆಹಣ್ಣಿನ ಸಿಹಿ ಬಿಲ್ಲೆಗಳ ಡಬ್ಬಿ. ಗಂಡನನ್ನು ಹಿಡಿದುಕೊಂಡು ಹೋಗುವುದಾದರೂ ಬಂದ ಅಧಿಕಾರಿಯ ಮುಂದೆ ಬರಿಗೈಯಲ್ಲಿ ನಿಲ್ಲಬಾರದಲ್ಲ.

ಓರಿನ್ ಅವಳನ್ನು ಬಾಗಿಲ ಸಂದಿಯಿಂದ ಕಂಡ. ಜೂನ್ ಇನ್ನೂ ದೂರವಿತ್ತು. ಮೂವತ್ತು ವರ್ಷದ ಹೆಂಡತಿಗೆ ಕೊಡಬೇಕೆಂದಿದ್ದದ್ದು ಹೀಗೆ, ಮೊಣಕಾಲೆತ್ತರದ ಬೂಟು ಹಾಕಿಕೊಂಡ ಜನರ ಮುಂದೆ, ಕಳ್ಳಮಾಲಿನ ಹಾಗೆ ಹೊರಬೀಳಬೇಕಾಯಿತಲ್ಲ ಎಂದು ಅವನಿಗೆ ಅಳು ಬಂತು. ಕೊಕ್ಕೆ ಕಳಚಿದ. ಹಿಂಬಾಗಿಲು ದಡ್ಡನೆ ಕೆಳಗೆ ಬಿದ್ದು ಇಳಿಜಾರಾಯಿತು.

ಒಳಗೆ ಬೈಕು ನಿಂತಿತ್ತು. ಬೆಂಕಿಯ ಬೆಳಕಿನಲ್ಲಿ ಅದರ ಎತ್ತರದ ಗಾಜು, ಎರಡು ಕಡೆಯ ಕೈಯೊರಗುಗಳು, ಸೋಫಾದಂತಹ ಹಿಂದಿನ ಸೀಟು ಎಲ್ಲ ಹೊಳೆಯುತ್ತಿದ್ದವು. ವರ್ಲಿನ್ ಬಗ್ಗಿ ಬೈಕಿನ ಅಡಿಯನ್ನೆಲ್ಲ ನೋಡಿದ.

"ಇದರಿಂದ ಮೀನು ಹೆಂಗೆ ಹಿಡಿಯೋದು?" ಎಂದು ಕೊನೆಗೆ ವರ್ಲಿನ್ ಕೇಳಿದ.

ರೆನೇ ಒಳಗೆ ಬಂದು ನೆಲವನ್ನೆಲ್ಲ ನೋಡಿದಳು. "ನಿಮ್ಮ ತೂತೆಲ್ಲಿ?"

"ತೂತಿಲ್ಲ ಮೇಡಂ."

"ಮೀನುಗುಡಿಸಲಿಗೆ ತೂತಿಲ್ವಾ?"

"ಇಲ್ಲ ಮೇಡಂ. ಬೇಕಿತ್ತಾ?"

ರೆನೇ ಯೋಚಿಸಿದಳು. ಹೆಚ್ಚು ತೂತಿಗೆ ಕಾನೂನಿತ್ತು, ದೊಡ್ಡ ತೂತಿಗೆ ಕಾನೂನಿತ್ತು. ತೂತೇ ಇಲ್ಲದ್ದಕ್ಕೆ ಯಾರೂ ಯೋಚಿಸಿರಲಿಲ್ಲ. "ಕರೆಂಟು ಬಿಡ್ತೀರಿ ಅಂತ ದೂರು ಬಂದಿದೆ."

"ಬಿಡ್ತೀನಿ. ಸೀಟಿಗೆ. ಈಗ ಸರಿಯಾಗಿದೆ, ಆದರೆ ಹಾರ್ನು ಒತ್ತಿದ್ರೂ ಒಂಚೂರು ಬಿಸಿಯಾಗುತ್ತೆ."

"ಅದು ನನ್ನ ಇಲಾಖೆಗೆ ಬರಲ್ಲ" ಎಂದಳು ರೆನೇ. "ಹಾಗಾದ್ರೆ ದಿನಾ ತಗೊಂಡು ಹೋಗ್ತಿದ್ದ ಮೀನು?"

ಉತ್ತರ ಬಂದದ್ದು ಮಾರ್ಡೆಲ್‌ಳಿಂದ.

"ಅಂಗಡೀದು" ಎಂದಳು. "ಮೊದಲನೇ ದಿನಾನೇ ಗೊತ್ತಾಯ್ತು. ಶಾಲೆಯಲ್ಲಿ ನಾನು ಮಾಡೋ ಕೆಲಸ ಏನು? ಒಂದು ಮುಳ್ಳಿಲ್ಲ, ಎಲ್ಲಾ ಒಂದೇ ಅಳತೆ. ಇವನಿಗೆ ಬ್ರೆಡ್ಡು ನೆಟ್ಟಗೆ ಕತ್ತರಿಸೋಕೆ ಬರಲ್ಲ."

"ಗೊತ್ತಿದ್ದೂ ಊರೆಲ್ಲಾ ಹೊಗಳಿಕೊಂಡು ಬಂದ್ಯಾ?" ಎಂದ ಗೇಲನ್.

"ಮತ್ತೆ ಏನ್ ಮಾಡ್ಲಿ? ಚಳಿಗಾಲ ಪೂರ್ತಿ ಹೋಗಿ ಕೂತು, ಒಂದೂ ಸಿಗದೆ, ನಾಚಿಕೆಗೆ ಕೊಂಡುಕೊಂಡು ಬರ್ತಿದ್ದಾನೆ ಅಂದ್ಕೊಂಡೆ. ನನ್ನ ಗಂಡ. ಪಾಪ ಅನ್ನಿಸ್ತು."

ಗೇಲನ್ ಏಕೋ ತನ್ನ ಬೂಟುಗಳನ್ನು ನೋಡಿಕೊಂಡ. ಮೀನು ಕೊಳ್ಳುವ ಮಾತು ಇನ್ನು ಮುಂದೆ ಹೋಗದಿದ್ದರೆ ಸಾಕೆಂಬಂತೆ ಅವನ ಮುಖವಿತ್ತು.

ವರ್ಲಿನ್‌ಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಅಂದ್ರೆ ಇಲ್ಲಿ ಮೀನೇ ಇಲ್ವಾ, ಓರಿನ್?"

"ಇಲ್ಲ ಅಂತ ನಾನು ಮೊದಲ ದಿನಾನೇ ಹೇಳಿದ್ನಲ್ಲಪ್ಪ."

"ಹೇಳಿದ್ದೆ. ಆದ್ರೆ ಅದನ್ನ ಯಾರಾದ್ರೂ ನಂಬೋ ಹಂಗೆ ಹೇಳಬೇಕಿತ್ತು."

ನೀರು ರೆನೇಯ ಬೂಟಿನ ಹಿಮ್ಮಡಿ ದಾಟಿತು. ಈಗಿಂದೀಗಲೇ ಎಲ್ಲರೂ ಗುಡಿಸಲು ಎಳೆದುಕೊಂಡು ಹೊರಡಬೇಕೆಂದು ಅವಳು ಹೇಳಿದಳು. ಜನ ಗೊಣಗುತ್ತಾ ಚದುರಿದರು. ಓರಿನ್ ಮಾತ್ರ ಹೆಂಡತಿಯ ಮುಂದೆ ನಿಂತಿದ್ದ.

"ನಿನಗೇ" ಎಂದ. "ಸೀಟು. ಮೆತ್ತಗಿದೆ. ಒತ್ತಿ ನೋಡು ಬೇಕಾದ್ರೆ. ನೀನು ಹಿಂದೆ ಇಲ್ದೆ ನನಗೆ ಆ ಬೈಕು ಬೇಡ, ಮಾರ್ಡೆಲ್."

ಅಲ್ಲಿಯ ಗಂಡಸರು ಇಂಥ ಮಾತನ್ನು ಸಾರ್ವಜನಿಕವಾಗಿ ಆಡುವುದಿಲ್ಲ. ಗೇಲನ್ ಮುಖ ತಿರುಗಿಸಿಕೊಂಡು ಟ್ರಕ್ಕಿನ ಹಗ್ಗ ಹುಡುಕಲು ಹೋದ. ಮಾರ್ಡೆಲ್ ಡಬ್ಬಿಯನ್ನು ರೆನೇಯ ಕೈಗೆ ಕೊಟ್ಟು, ಸೀಟಿನ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದಳು. ಅವಳ ಕಣ್ಣು ತುಂಬ ನೀರಿತ್ತು.

"ತಾಳು, ಇನ್ನೊಂದು ಇದೆ" ಎಂದು ಓರಿನ್ ಗುಡಿಸಲಿನ ಮೂಲೆಗೆ ಹೋಗಿ, ಅವಸರದಲ್ಲಿ ಎಲ್ಲಿಟ್ಟೆನೆಂದು ಮರೆತ ಹೆಲ್ಮೆಟ್ ಹುಡುಕತೊಡಗಿದ.

ರೆನೇ ಒಂದು ಸಿಹಿ ಬಿಲ್ಲೆ ಬಾಯಿಗಿಟ್ಟುಕೊಂಡು, ಹೊರಗಿನವಳಾದ್ದರಿಂದ ಊರಿನವರು ಯಾರೂ ಕೇಳದ ಪ್ರಶ್ನೆಯನ್ನು ಕೇಳಿದಳು. "ಹಳೇ ಸೀಟಿಗೆ ಏನಾಗಿತ್ತು?"

"ಸೀಟಿಗೇನೂ ಆಗಿರ್ಲಿಲ್ಲ ಕಣಮ್ಮ" ಎಂದಳು ಮಾರ್ಡೆಲ್ ತಗ್ಗಿದ ದನಿಯಲ್ಲಿ. "ಇವನು ನೀರಿನ ಇಲಾಖೆಯವನು. ಎರಡು ದಿನ, ದಾರೀಲಿ ಕಂಡ ಒಂದೊಂದು ನೀರಿನ ಟ್ಯಾಂಕಿಗೂ ಎಷ್ಟು ಗ್ಯಾಲನ್ ಹಿಡಿಯುತ್ತೆ, ಯಾವ ವರ್ಷ ಬಣ್ಣ ಹೊಡೆದ್ರು ಅಂತ ಹೇಳ್ಕೊಂಡು ಬಂದ. ಗಾಳಿಗೆ ನನಗೆ ಕೇಳಿಸಲ್ಲ ಅಂತ ಕಿರುಚ್ಕೊಂಡು. ಸುಮ್ನಿರು ಅಂತ ನಾನು ಕಿರುಚಿದ್ದು ಅವನಿಗೆ ಕೇಳಿಸ್ಲಿಲ್ಲ."

ಅಷ್ಟರಲ್ಲಿ ಹೆಲ್ಮೆಟ್ ಹಿಡಿದುಕೊಂಡು ಬಂದ ಓರಿನ್‌ನ ಮುಖ ಅರಳಿತ್ತು. "ಒಳಗೆ ಸ್ಪೀಕರ್ ಇಟ್ಟಿದ್ದೀನಿ. ಇನ್ಮೇಲೆ ನಾನು ಕಿರುಚಬೇಕಾಗಿಲ್ಲ. ಮಾತಾಡಿದ್ದೆಲ್ಲ ನೆಟ್ಟಗೆ ನಿನ್ನ ಕಿವಿಗೇ ಬರುತ್ತೆ."

ರೆನೇಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಮಾರ್ಡೆಲ್ ಹೆಲ್ಮೆಟ್ಟನ್ನು ಇಸಿದುಕೊಂಡು, ತಿರುಗಿಸಿ ತಿರುಗಿಸಿ ನೋಡಿದಳು.

"ಈ ಗುಂಡಿ ಏನು?"

"ಸದ್ದು ಜೋರು ಮಾಡೋಕೆ, ಕಡಿಮೆ ಮಾಡೋಕೆ."

"ಪೂರ್ತಿ ಕಡಿಮೆ ಆಗುತ್ತಾ?"

"ಆಗುತ್ತೆ."

"ನೀನು ಮಾತಾಡ್ತಾ ಇದ್ರೂ?"

"ಮಾತಾಡ್ತಾ ಇದ್ರೂ. ಮುಂದಿರೋನಿಗೆ ಗೊತ್ತೂ ಆಗಲ್ಲ. ಆದ್ರೆ ಹಂಗ್ಯಾಕೆ ಮಾಡ್ತೀಯ?"

"ಸುಮ್ನೆ ಕೇಳ್ದೆ" ಎಂದಳು ಮಾರ್ಡೆಲ್. ಹೆಲ್ಮೆಟ್ ಹಾಕಿಕೊಂಡಳು. ಏಪ್ರನ್ನನ್ನು ಮೇಲೆತ್ತಿ ಸಿಕ್ಕಿಸಿಕೊಂಡು, ಹಿಂದಿನ ಸೀಟನ್ನೇರಿ, ಎರಡು ಕೈಗಳನ್ನೂ ಕೈಯೊರಗಿನ ಮೇಲಿಟ್ಟು, ಬೆನ್ನು ಒರಗಿಸಿ ಕೂತಳು. "ಜೂನ್‌ನಲ್ಲಿ ಹೊರಡೋಣ, ಓರಿನ್. ಸುಪೀರಿಯರ್ ಪೂರ್ತಿ ಸುತ್ತು."

ಓರಿನ್ ಕಣ್ಣೊರೆಸಿಕೊಂಡು ತನ್ನ ಹೆಲ್ಮೆಟ್ ಹಾಕಿಕೊಂಡು ಮುಂದಿನ ಸೀಟನ್ನೇರಿದ. ಗೇಲನ್ ಹಗ್ಗ ಕಟ್ಟಿ ಬಂದು, ಇಳಿಯಿರಿ, ಗುಡಿಸಲು ಎಳೆಯಬೇಕು ಎಂದ. ಹಾಗೆಯೇ ಎಳೆ ಎಂದು ಮಾರ್ಡೆಲ್ ಕೈಸನ್ನೆ ಮಾಡಿದಳು. ಎಳೆಯುವ ಗುಡಿಸಲಿನಲ್ಲಿ ಜನ ಕೂರಬಾರದೆಂದು ಕಾನೂನಿತ್ತು. ರೆನೇ ಎರಡನೆಯ ಬಿಲ್ಲೆಯನ್ನು ಕೈಗೆತ್ತಿಕೊಂಡು ಆಚೆ ದಡದ ಮರಗಳನ್ನು ನೋಡುತ್ತಾ ನಿಂತಳು.

ಗುಡಿಸಲು ನೀರಿನಲ್ಲಿ ಮೆಲ್ಲಗೆ ಅಲುಗಾಡಿ ಹೊರಟಿತು. ಬೈಕಿನ ಮುಖ ಹಿಂಬಾಗಿಲ ಕಡೆಗಿದ್ದುದರಿಂದ ಸವಾರಿ ಹಿಮ್ಮುಖವಾಗಿತ್ತು. ತಮ್ಮ ಗುಡಿಸಲುಗಳಿಗೆ ಹಗ್ಗ ಕಟ್ಟುತ್ತಿದ್ದ ಜನ ಅದನ್ನೇ ನೋಡಿದರು. ಹ್ಯಾಂಡಲ್ ಹಿಡಿದ ಓರಿನ್ ಎದುರಿಗೆ ಕಾಣುತ್ತಿದ್ದ ಊರಿನ ಪಂಪ್‌ಹೌಸನ್ನು ತೋರಿಸಿ ಏನನ್ನೋ ಹೇಳುತ್ತಿದ್ದ, ಅದಾದ ಮೇಲೆ ಅದರ ಹಿಂದಿನ ಟ್ಯಾಂಕನ್ನು ತೋರಿಸಿ ಇನ್ನೂ ಹೇಳುತ್ತಿದ್ದ. ಹಿಂದೆ ಮಾರ್ಡೆಲ್ ಒಂದು ಕೈ ಹೆಲ್ಮೆಟ್ಟಿನ ಗುಂಡಿಯ ಮೇಲೂ ಇನ್ನೊಂದು ಕೈ ಗಂಡನ ಭುಜದ ಮೇಲೂ ಇಟ್ಟುಕೊಂಡು, ನಗುನಗುತ್ತಾ, ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು.

ದಡ ಸೇರಿದ ಮೇಲೆ ಓರಿನ್ ಇಳಿದು ಬಂದು ಗೇಲನ್‌ನ ಹೆಗಲ ಮೇಲೆ ಕೈಹಾಕಿದ.

"ದಾರಿಯುದ್ದಕ್ಕೂ ಒಂದು ಸಲ ಬೇಜಾರು ಮಾಡ್ಕೊಳ್ಳಲಿಲ್ಲ, ಭಾವ" ಎಂದ. "ಆವತ್ತೇ ನನಗೆ ಗೊತ್ತಿತ್ತು. ತೊಂದರೆ ಇದ್ದದ್ದು ಸೀಟಲ್ಲೇ."